ಮೂಕ ಕಕಾರ

ರೇಡಿಯೋ ಪೆಟ್ಟಿಗೆಯ ಕಿವಿ ಹಿಂಡಿದರೆ ದನಿ ಏರುತ್ತದೆ, ಇಳಿಯುತ್ತದೆ. ಹಾಗೆ ತಿರುಗಿಸುವ ಗುಂಡಿಗೆ ಇಂಗ್ಲಿಷಿನಲ್ಲಿ ‘ನಾಬ್’ ಎಂದು ಹೆಸರು. ಬರೆಯುವಾಗ ಕೆ, ಎನ್, ಓ, ಬಿ ಎಂದು ನಾಲ್ಕು ಅಕ್ಷರಗಳು ಬೇಕು. ಬಾಯಿಗೆ ಬರುವುದು ಮೂರೇ. ಮೊದಲಿನ ‘ಕೆ’ ಮದುವೆಯ ಚಪ್ಪರದ ಬಾಳೆಕಂಬದಂತೆ ಬರಿಯ ಶೋಭೆಗೆ ನಿಂತಿರುವ ಹಾಗೆ ಕಾಣುತ್ತದೆ.

ನನ್ನ ತರಗತಿಯಲ್ಲಿ ಒಮ್ಮೆ ಹುಡುಗನೊಬ್ಬ ಚಾಕುವಿನ ಇಂಗ್ಲಿಷ್ ಹೆಸರನ್ನು ‘ಕ್ನೈಫ್’ ಎಂದು ಓದಿದ. ಎಲ್ಲರೂ ಗೊಳ್ಳೆಂದು ನಕ್ಕರು, ನಾನೂ ನಕ್ಕೆ. ಆ ಮೇಲೆ ಬಹು ದಿನ ಅವನು ಇಂಗ್ಲಿಷನ್ನು ಗಟ್ಟಿಯಾಗಿ ಓದಲೇ ಇಲ್ಲ. ಬರೆದಂತೆ ಓದುವುದು ಕನ್ನಡದ ಮಕ್ಕಳಿಗೆ ನಾವೇ ಕಲಿಸಿದ ಪಾಠ. ಹಾಗಿರಲು ಅವನ ತಪ್ಪೇನು?

ಈ ಬಳಗದ ಚಿಕ್ಕ ಮಾತುಗಳನ್ನು ಮೊದಲು ನೋಡೋಣ. ನೀ ಎಂದರೆ ಮೊಣಕಾಲು, ನೀಲ್, ಮಂಡಿಯೂರು, ನಾಟ್, ಗಂಟು, ನಿಟ್, ಹೆಣೆ, ನೀಡ್, ಹಿಟ್ಟು ನಾದು, ನಾಕ್, ಕದ ತಟ್ಟು, ನೆಲ್, ಸಾವನ್ನು ಸಾರುವ ಗಂಟೆಯ ನಾದ, ನೋ, ತಿಳಿ. ಎಲ್ಲಕ್ಕೂ ಮೊದಲೆರಡು ಅಕ್ಷರ ಕೆ ಮತ್ತು ಎನ್.

ಈ ‘ಕೆ’ ಹುಟ್ಟುಮೂಕವಲ್ಲ. ಹಿಂದೆ ಇಂಗ್ಲೆಂಡಿನ ಜನ ಇದನ್ನು ಸ್ಪಷ್ಟವಾಗಿಯೇ ಉಚ್ಚರಿಸುತ್ತಿದ್ದರು. ಕ್ಯಾಕ್ಸ್‌ಟನ್ ಎಂಬಾತ 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟ ತೆರೆದಾಗಲೂ ಅದು ನುಡಿಯುತ್ತಿತ್ತು. ಅಚ್ಚಿನ ಬಳಕೆ ಹಬ್ಬಿದಂತೆ ಬರವಣಿಗೆಗೆ ಒಂದು ಕಟ್ಟು ಬಿತ್ತು. ನಾಲಗೆಗೆ ಅಂಥ ಕಟ್ಟಿಲ್ಲ. ಹದಿನೇಳನೆಯ ಶತಮಾನದಲ್ಲಿ ಆ ದನಿ ಸವೆಯುತ್ತ ಬಂದು, ಮುಂದಿನ ಶತಮಾನದಲ್ಲಿ ಶಿಷ್ಟರ ಮಾತಿನಿಂದ ಅಳಿಯಿತು. 1755ರಲ್ಲಿ ಜಾನ್ಸನ್ನನ ನಿಘಂಟು ಹೊರಬಂದಾಗ ಅಕ್ಷರ ಮಾತ್ರ ಉಳಿದಿತ್ತು. ಇಂಗ್ಲಿಷಿನ ದಾಯಾದಿಯಾದ ಜರ್ಮನ್ ಭಾಷೆಯವರು ಮೊಣಕಾಲನ್ನು ಇಂದಿಗೂ ‘ಕ್ನೀ’ ಎಂದೇ ಅನ್ನುತ್ತಾರೆ.

ಮಾತಿನ ದನಿಯಂತೆ ಅರ್ಥವೂ ಬದಲಾಗುತ್ತದೆ. ನೇವ್ ಮತ್ತು ನೈಟ್ ಎಂಬ ಎರಡು ಮಾತುಗಳಿಗೂ ಮೊದಲು ‘ಹುಡುಗ’ ಎಂದೇ ಅರ್ಥ. ಕಾಲಕ್ರಮದಲ್ಲಿ ನೈಟ್ ಸೇವಕನಾಗಿ, ಕುದುರೆಯೇರಿದ ಯೋಧನಾಗಿ, ಅರಸನಿಂದ ಬಿರುದು ಪಡೆದವನಾದ. ನೇವ್ ಎಂಬವನು ಆಳಾಗಿ, ಕೊನೆಗೆ ವಂಚಕನಾದ. ಒಂದೇ ಓಣಿಯಲ್ಲಿ ಆಡಿ ಬೆಳೆದ ಇಬ್ಬರು ಹುಡುಗರ ಕಥೆಯಂತಿದೆ ಇದು.

ಇನ್ನೊಂದು ಸ್ವಾರಸ್ಯ ನಮಗೆ ಹತ್ತಿರದ್ದು. ತಿಳಿವಳಿಕೆಯನ್ನು ಹೇಳುವ ಇಂಗ್ಲಿಷಿನ ‘ನೋ’ ಮತ್ತು ಸಂಸ್ಕೃತದ ‘ಜ್ಞಾ’ ಧಾತು ಒಂದೇ ಬೇರಿನವು. ‘ನೀ’ ಮತ್ತು ‘ಜಾನು’ ಕೂಡ ಹಾಗೆಯೇ. ಮೂಲದ ಗಕಾರ ಸಂಸ್ಕೃತದಲ್ಲಿ ಜಕಾರವಾಯಿತು, ಇಂಗ್ಲಿಷಿನ ಬಳಗದಲ್ಲಿ ಕಕಾರವಾಯಿತು. ಇಂಥ ವ್ಯತ್ಯಾಸಗಳು ನಿಯಮಬದ್ಧವೆಂಬುದನ್ನು ಜರ್ಮನ್ ವಿದ್ವಾಂಸ ಯಾಕೋಬ್ ಗ್ರಿಮ್ 1822ರಲ್ಲಿ ವಿವರಿಸಿದನು. ಕನ್ನಡವು ದ್ರಾವಿಡ ಮನೆತನದ ಭಾಷೆ. ನಮ್ಮ ಸ್ವಂತ ಮಾತುಗಳು ಅರಿವು, ಮೊಣಕಾಲು. ಆದರೂ ಸಂಸ್ಕೃತದಿಂದ ‘ಜ್ಞಾನ’ವನ್ನು ತಂದು ನಮ್ಮದಾಗಿಸಿಕೊಂಡಿದ್ದೇವೆ. ಆ ಮಾತನ್ನು ನಾವು ಓದುವುದಾದರೂ ಹೇಗೆ? ಬರೆಯುವುದು ಜಕಾರಕ್ಕೆ ಞಕಾರದ ಒತ್ತು. ನಮ್ಮಲ್ಲಿ ಹೆಚ್ಚಿನವರ ಬಾಯಲ್ಲಿ ಬರುವುದು ‘ಗ್ನಾನ’ ಅಥವಾ ‘ಗ್ಯಾನ’. ಬರೆದಂತೆ ಓದುತ್ತೇವೆಂಬ ನಮ್ಮ ಹೆಮ್ಮೆಗೂ ಇಲ್ಲೊಂದು ಬಿರುಕುಂಟು!

ಕಿವಿಗೆ ಸತ್ತ ಈ ಕಕಾರ ಕಣ್ಣಿಗಿನ್ನೂ ಉಪಕಾರಿ. ‘ಕೆ’ ಇದ್ದರೆ ನಾಟ್ ಗಂಟು, ಇಲ್ಲದಿದ್ದರೆ ‘ಅಲ್ಲ’. ‘ಕೆ’ ಇದ್ದರೆ ನೈಟ್ ಯೋಧ, ಇಲ್ಲದಿದ್ದರೆ ಇರುಳು. ‘ಕೆ’ ಇದ್ದರೆ ನ್ಯೂ ‘ತಿಳಿದಿತ್ತು’, ಇಲ್ಲದಿದ್ದರೆ ‘ಹೊಸದು’. ಈ ಜೋಡಿಗಳನ್ನು ಮಕ್ಕಳಿಂದ ಪಕ್ಕಪಕ್ಕದಲ್ಲಿ ಬರೆಯಿಸಿದರೆ ನೆನಪಿನಲ್ಲಿ ನಿಲ್ಲುತ್ತವೆ. ಸುಮ್ಮನೆ ಉರುಹೊಡೆಯಿಸುವ ಕಷ್ಟವಿಲ್ಲ.

ನಮ್ಮ ಹುಡುಗ ಓದಿದ್ದು ಇಂದಿನ ರೂಢಿಗೆ ತಪ್ಪು, ನಿಜ. ಆದರೆ ಕ್ಯಾಕ್ಸ್‌ಟನ್ನನ ಕಾಲದ ಲಂಡನ್ನಿನಲ್ಲಿ ಅವನನ್ನು ನೋಡಿ ಯಾರೂ ನಗುತ್ತಿರಲಿಲ್ಲ. ಈ ಮಾತನ್ನು ನಾನು ಅವನಿಗೆ ಅಂದೇ ಹೇಳಬೇಕಾಗಿತ್ತು. ನಿಮ್ಮ ಮನೆಯ ಮಗು ನಾಳೆ ‘ಕ್ನೀ’ ಎಂದು ಓದಿದರೆ ದಯವಿಟ್ಟು ನಗಬೇಡಿ. ‘ಹಿಂದೆ ಹಾಗೇ ಇತ್ತಪ್ಪ, ಈಗ ಆ ಕಕಾರ ಮಾತಾಡುವುದಿಲ್ಲ’ ಎಂದು ತಿಳಿಸಿ, ಮುಂದಕ್ಕೆ ಓದಿಸಿ.