ಮೇಜಿನ ಮೇಲೆ ನ್ಯಾರೋಗೇಜು: ಹುಲ್ಲು ಮಾತ್ರ ನಮ್ಮೂರದೇ ಇರಲಿ

ಗೌರಿಬಿದನೂರು: ಫ್ಯಾನ್ಸಿ ಸ್ಟೋರಿನಲ್ಲಿ ಸಾಲಾಗಿ ತೂಗುಹಾಕಿರುವ ಮಕಮಲ್ಲಿನ ಸ್ಟಿಕ್ಕರ್ ಬೊಟ್ಟನ್ನು ಕೊಳ್ಳುವವರು ಬಹಳ. ಅದರ ಮೇಲಿನ ನವಿರು ಹೇಗೆ ನೆಟ್ಟಗೆ ನಿಂತಿದೆ ಅಂತ ಕೇಳಿದವರು ಕಡಿಮೆ. ಚಿನ್ನದಂಗಡಿಯವರು ಓಲೆ ಇಟ್ಟು ಕೊಡುತ್ತಾರಲ್ಲ, ಆ ಡಬ್ಬಿಯ ಒಳಮೈ ಕೂಡ ಸಾಮಾನ್ಯವಾಗಿ ಅದೇ ಜಾತಿಯದು. ನೇಯ್ದ ಮಕಮಲ್ಲಲ್ಲ ಅದು. ಅಂಟು ಬಳಿದ ಮೈಮೇಲೆ ಕೂದಲಿನಂಥ ಚೂರು ನಾರನ್ನು ಕರೆಂಟಿನ ಬಲದಿಂದ ಹಾರಿಸಿ ನೆಟ್ಟಿದ್ದು. ಗದ್ದೆಯಲ್ಲಿ ಪೈರು ನಾಟಿ ಮಾಡಿದ ಹಾಗೆ ಅನ್ನಿ. ಒಂದೇ ವ್ಯತ್ಯಾಸ, ಇಲ್ಲಿ ಬಗ್ಗಿ ನೆಡುವುದು ಕೈಯಲ್ಲ, ಕರೆಂಟು.

ಇದೇ ವಿದ್ಯೆಯನ್ನು ಹಿಡಿದು ಲೋಕದ ಹಲವು ಕಡೆ ದೊಡ್ಡವರೇ ಮೇಜಿನ ಮೇಲೆ ಪುಟ್ಟ ರೈಲು ಓಡಿಸಿ, ಹಳಿಯ ಪಕ್ಕದಲ್ಲಿ ಹುಲ್ಲು ಬೆಳೆಸುತ್ತಾರೆ. ಜರ್ಮನಿಯ ಹ್ಯಾಂಬರ್ಗಿನಲ್ಲಿ 2001ರಲ್ಲಿ ತೆರೆದ ಮಿನಿಯೇಚರ್ ವುಂಡರ್‌ಲ್ಯಾಂಡ್ ಅನ್ನುವ ಪ್ರದರ್ಶನಕ್ಕೆ ದೇಶದೇಶದ ಜನ ಟಿಕೆಟ್ ಕೊಟ್ಟು ಹೋಗುತ್ತಾರೆ. ಅಷ್ಟು ದೂರ ಯಾಕೆ, ಪುಣೆಯಲ್ಲಿ 1998ರಲ್ಲಿ ಶುರುವಾದ ಜೋಶಿಯವರ ಪುಟ್ಟ ರೈಲಿನ ಮ್ಯೂಸಿಯಂ ಇದೆ. ಗೌರಿಬಿದನೂರಿನ ಮೇಲೇ ಹಾದು ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಪುಣೆಗೂ ಹೋಗುತ್ತದೆ.

ಅದಿರಲಿ. ಚಿಕ್ಕಬಳ್ಳಾಪುರ ಜಿಲ್ಲೆಗೆ ಈ ಹುಲ್ಲಿನ ಕಥೆ ಯಾಕೆ ಬೇಕು? ಬೇಕು. ಈ ಸೀಮೆಯಲ್ಲಿ ಒಂದು ಪುಟ್ಟ ರೈಲು ನಿಜವಾಗಿಯೇ ಓಡುತ್ತಿತ್ತು. ಈಗ ಅದು ಇಲ್ಲ.

ಹೋದ ರೈಲು

ಮೈಸೂರು ಸಂಸ್ಥಾನದ ಕಾಲದಲ್ಲಿ, 1910ರ ದಶಕದಲ್ಲಿ, ಬಂಗಾರಪೇಟೆಯಿಂದ ಕೋಲಾರಕ್ಕೆ ನ್ಯಾರೋಗೇಜ್ ಹಳಿ ಬಂತು. ಅಲ್ಲಿಂದ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ ದಾಟಿ ಚಿಕ್ಕಬಳ್ಳಾಪುರ. ಚಿಕ್ಕಬಳ್ಳಾಪುರದಿಂದ ನಂದಿ ಹಾಲ್ಟ್, ದೇವನಹಳ್ಳಿ ಹಾದು ಯಲಹಂಕದ ಕಡೆಗೆ ಇನ್ನೊಂದು ತುಂಡು. ಹಳಿಗಳ ನಡುವಿನ ಅಗಲ 762 ಮಿಲಿಮೀಟರ್, ಅಂದರೆ ಎರಡೂವರೆ ಅಡಿ. ಈಗಿನ ಬ್ರಾಡ್‌ಗೇಜಿನ ಅರ್ಧಕ್ಕೂ ಕಡಿಮೆ.

ಗೌರಿಬಿದನೂರು ಆ ಲೈನಿನ ಮೇಲೆ ಇರಲಿಲ್ಲ. ಇಲ್ಲಿನದು ಬೆಂಗಳೂರು–ಗುಂತಕಲ್ ಹಾದಿ. ಅದು ಮೊದಲು ಮೀಟರ್‌ಗೇಜ್ ಆಗಿತ್ತು, ಆಮೇಲೆ ಬ್ರಾಡ್‌ಗೇಜ್ ಆಯಿತು. ನ್ಯಾರೋಗೇಜಿನ ಕಥೆಯೂ ಕೊನೆಗೆ ಅಲ್ಲಿಗೇ ಬಂತು. ಕೋಲಾರ–ಚಿಕ್ಕಬಳ್ಳಾಪುರ ನಡುವೆ ಬ್ರಾಡ್‌ಗೇಜ್ ರೈಲು ಓಡಿದ್ದು 2013ರಲ್ಲಿ. ದೊಡ್ಡ ಗಾಡಿ ಬಂತು, ಒಳ್ಳೆಯದೇ ಆಯಿತು. ಅದಕ್ಕೆ ಅಳಬೇಕಾಗಿಲ್ಲ. ಆದರೆ ಹಳೆಯ ಗಾಡಿಯಲ್ಲಿ ಮಾವಿನಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತವರು, ಕಿಟಕಿಯಲ್ಲಿ ಕೈ ಚಾಚಿದರೆ ಹುಲ್ಲು ಸಿಗುತ್ತಿತ್ತು ಅನ್ನುವವರು ವರ್ಷ ವರ್ಷ ಕಡಿಮೆ ಆಗುತ್ತಿದ್ದಾರೆ. ನಂದಿ ಹಾಲ್ಟಿನ ಹಳೇ ಕಟ್ಟಡ ಉಳಿದಿದೆ. ಮೈಸೂರಿಗೆ ಹೋದರೆ 1979ರಲ್ಲಿ ತೆರೆದ ರೈಲ್ವೆ ಮ್ಯೂಸಿಯಂ ಇದೆ. ಆದರೆ ಆ ರೈಲು ಯಾವ ನೆಲದ ಮೇಲೆ, ಯಾವ ಹುಲ್ಲಿನ ನಡುವೆ ಓಡಿತು ಅನ್ನುವುದನ್ನು ಕಟ್ಟಡವಾಗಲಿ, ಒಂಟಿ ಇಂಜಿನ್ನಾಗಲಿ ಹೇಳುವುದಿಲ್ಲ. ಅದನ್ನು ಹೇಳಬಲ್ಲದ್ದು ಮೇಜಿನ ಮೇಲೆ ಕಟ್ಟಿದ ಮಾದರಿ.

87ರಲ್ಲಿ ಒಂದು ಪಾಲು

ಪುಟ್ಟ ರೈಲಿನ ಲೋಕದಲ್ಲಿ ಹೆಚ್ಚು ಚಾಲ್ತಿಯಲ್ಲಿರುವ ಅಳತೆ 87ಕ್ಕೆ 1. ನಿಜವಾದ 87 ಅಡಿ ಮೇಜಿನ ಮೇಲೆ 1 ಅಡಿ. ಈಗ ಲೆಕ್ಕ ಹಾಕಿ ನೋಡಿ. 762 ಮಿಲಿಮೀಟರನ್ನು 87ರಿಂದ ಭಾಗಿಸಿದರೆ ಸಿಗುವುದು 9ಕ್ಕೆ ಚೂರು ಕಡಿಮೆ. 9 ಮಿಲಿಮೀಟರಿನ ಹಳಿ ಇನ್ನೊಂದು ಸಣ್ಣ ಅಳತೆಯ ಆಟದ ರೈಲಿಗೆ ಅಂತ ಮೊದಲೇ ತಯಾರಾಗುತ್ತದೆ. ಅಂದರೆ ನಮ್ಮ ನ್ಯಾರೋಗೇಜಿಗೆ ಹಳಿಯನ್ನು ಹೊಸದಾಗಿ ಮಾಡಿಸಬೇಕಾಗಿಲ್ಲ. ಅಳತೆ ತಾನಾಗಿ ಕೂತಿದೆ. ಬ್ರಾಡ್‌ಗೇಜಿಗೆ ಈ ಭಾಗ್ಯ ಇಲ್ಲ. ಅದಕ್ಕೆ 19 ಮಿಲಿಮೀಟರಿಗಿಂತ ಅಗಲದ ಹಳಿ ಬೇಕು, ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 16.5.

ಇಡೀ ಲೈನು ಕಟ್ಟುತ್ತೇನೆ ಅಂತ ಹೊರಟರೆ ಮಾತ್ರ ಕೆಟ್ಟಿರಿ. ಒಂದು ಕಿಲೋಮೀಟರಿಗೆ ಹನ್ನೊಂದೂವರೆ ಮೀಟರ್ ಮೇಜು ಬೇಕು. 6 ಅಡಿ ಉದ್ದ, 3 ಅಡಿ ಅಗಲದ ಒಂದು ಪ್ಲೈವುಡ್ ಹಲಗೆ ಸಾಕು. ಅದರ ಮೇಲೆ 522 ಅಡಿ ಉದ್ದ, 261 ಅಡಿ ಅಗಲದ ಜಾಗ ಕೂರುತ್ತದೆ. ಒಂದು ಹಾಲ್ಟ್ ಸ್ಟೇಷನ್, ಒಂದು ಹುಣಸೆಮರ, ಒಂದು ಎತ್ತಿನ ಗಾಡಿಯ ಹಾದಿ, ಒಂದಿಷ್ಟು ರಾಗಿ ಹೊಲ. ಹಿಂದಿನ ಹಲಗೆಯ ಮೇಲೆ ನಂದಿಬೆಟ್ಟವನ್ನು ಬಣ್ಣದಲ್ಲಿ ಬರೆದರಾಯಿತು.

ಇಂಜಿನ್ನು, ಡಬ್ಬಿ ಎಲ್ಲ ಕೂತ ಮೇಲೂ ನೋಡಿದವರು ‘ಆಟದ ಸಾಮಾನು’ ಅಂತಲೇ ಅನ್ನುತ್ತಾರೆ. ಹುಲ್ಲು ಎದ್ದು ನಿಂತಾಗ ‘ಇದು ಯಾವೂರು?’ ಅಂತ ಕೇಳುತ್ತಾರೆ.

ಜಾಲರಿ, ಮೊಳೆ, ಕರೆಂಟು

ಹಿಂದೆ ಹುಲ್ಲಿಗೆ ಬದಲು ಬಣ್ಣ ಹಾಕಿದ ಮರದ ಹೊಟ್ಟನ್ನು ಉದುರಿಸುತ್ತಿದ್ದರು. ದೂರಕ್ಕೆ ಸರಿ, ಹತ್ತಿರ ಬಂದರೆ ಮರದ ಹೊಟ್ಟೇ. ಈಗಿನದು ನೈಲಾನ್ ಅಥವಾ ರೇಯಾನಿನ ನಾರು, 2, 4, 6, 12 ಮಿಲಿಮೀಟರ್ ಉದ್ದಕ್ಕೆ ಕತ್ತರಿಸಿದ್ದು. ಕೈಯಿಂದ ಉದುರಿಸಿದರೆ ಕ್ಷೌರದಂಗಡಿಯ ನೆಲದ ಹಾಗೆ ಅಡ್ಡಾದಿಡ್ಡಿ ಬೀಳುತ್ತದೆ. ನಿಲ್ಲಿಸಲು ಕರೆಂಟು ಬೇಕು.

ಯಂತ್ರ ಸರಳ. ಟೀ ಸೋಸುವ ಲೋಹದ ಜಾಲರಿಯಂಥದ್ದೊಂದು, ಅದರೊಳಗೆ ನಾರು. ಹಿಡಿಯೊಳಗೆ ಬ್ಯಾಟರಿಯ ಸಣ್ಣ ಕರೆಂಟನ್ನು ಹತ್ತು ಸಾವಿರ ವೋಲ್ಟಿನ ಆಸುಪಾಸಿಗೆ ಏರಿಸುವ ಪೆಟ್ಟಿಗೆ. ಒಂದು ತಂತಿ ಜಾಲರಿಗೆ. ಇನ್ನೊಂದು ತಂತಿಯ ತುದಿಯ ಕ್ಲಿಪ್ಪನ್ನು ಹಸಿ ಅಂಟಿಗೆ ಚುಚ್ಚಿದ ಮೊಳೆಗೆ ಸಿಕ್ಕಿಸುವುದು. ಗುಂಡಿ ಒತ್ತಿ ಜಾಲರಿ ಅಲ್ಲಾಡಿಸಿದರೆ ಪ್ರತಿ ನಾರೂ ವಿದ್ಯುತ್ ತುಂಬಿಕೊಂಡು, ಅಂಟಿನ ಕಡೆಗೆ ಸೆಳೆತ ಸಿಕ್ಕಿ, ಬಾಣದ ಹಾಗೆ ನೇರ ಹಾರಿ ನಾಟುತ್ತದೆ. ನಾರುನಾರಿಗೂ ಒಂದೇ ಜಾತಿಯ ವಿದ್ಯುತ್ ಇರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆ. ಅದಕ್ಕೇ ಗುಂಪುಗಟ್ಟುವುದಿಲ್ಲ, ಒತ್ತೊತ್ತಾಗಿ ಆದರೆ ಬಿಡಿಬಿಡಿಯಾಗಿ ನಿಲ್ಲುತ್ತವೆ.

ತಲೆ ಬಾಚಿದ ಬಾಚಣಿಗೆ ಕಾಗದದ ಚೂರನ್ನು ಎಳೆಯುವುದೂ ಇದೇ ಸ್ಥಿರ ವಿದ್ಯುತ್ತು. ಮಂತ್ರವೂ ಇಲ್ಲ, ಮಾಟವೂ ಇಲ್ಲ. ಪವಾಡ ಅಂದದ್ದನ್ನೆಲ್ಲ ಪರೀಕ್ಷೆಗೆ ಇಡಿ ಎಂದ ಭೌತಶಾಸ್ತ್ರದ ಮೇಷ್ಟ್ರು ಎಚ್. ನರಸಿಂಹಯ್ಯನವರು 1920ರಲ್ಲಿ ಹುಟ್ಟಿದ್ದು ಇದೇ ತಾಲ್ಲೂಕಿನ ಹೊಸೂರಿನಲ್ಲಿ. ಓದಬೇಕೆಂದು ಬೆಂಗಳೂರಿಗೆ ನಡೆದೇ ಹೋದ ಮನುಷ್ಯ ಅವರು. ಅವರ ಊರಿನ ಮಕ್ಕಳಿಗೆ ಈ ಪಾಠ ಪುಸ್ತಕಕ್ಕಿಂತ ಜಾಲರಿಯಲ್ಲಿ ಬೇಗ ತಲೆಗೆ ಹೋಗುತ್ತದೆ.

ಸೊಳ್ಳೆ ಬ್ಯಾಟು: ಹುಷಾರು!

ಬೇರೆ ದೇಶದ ಯಂತ್ರದ ಬೆಲೆ ಕೇಳಿದರೆ ಆಸೆ ಅಲ್ಲೇ ಇಳಿಯುತ್ತದೆ. ಅದಕ್ಕೇ ಹವ್ಯಾಸಿಗಳು ಕಂಡುಕೊಂಡ ದಾರಿ ಸೊಳ್ಳೆ ಬ್ಯಾಟು. ಅದರೊಳಗೂ ವೋಲ್ಟ್ ಏರಿಸುವ ಪೆಟ್ಟಿಗೆಯೇ ಇರುವುದು. ಬಲೆ ಬಿಚ್ಚಿ ಒಂದು ತಂತಿ ಜಾಲರಿಗೆ, ಇನ್ನೊಂದು ಮೊಳೆಗೆ. ಆದರೆ ಬ್ಯಾಟಿನದು ಒಂದೆರಡು ಸಾವಿರ ವೋಲ್ಟಿನ ಕೆಲಸ. 2 ಮಿಲಿಮೀಟರಿನ ಹುಲ್ಲು ನಿಂತೀತು, ಉದ್ದದ್ದು ವಾಲುತ್ತದೆ.

ಒಂದು ಮಾತು ಚೆನ್ನಾಗಿ ನೆನಪಿರಲಿ. ಸ್ವಿಚ್ ಆರಿಸಿದ ಮೇಲೂ ಬ್ಯಾಟಿನ ಕೆಪಾಸಿಟರ್ ಕರೆಂಟನ್ನು ಹಿಡಿದಿಟ್ಟುಕೊಂಡಿರುತ್ತದೆ. ‘ಆಫ್ ಮಾಡಿದ್ದೀನಲ್ಲ’ ಅಂತ ಬೆರಳಿಟ್ಟರೆ ಹೊಡೆಯುತ್ತದೆ. ಇಂಥ ಯಂತ್ರಕ್ಕೆ ಬ್ಯಾಟರಿ ಮಾತ್ರ, ಗೋಡೆಯ ಪ್ಲಗ್ಗಿನ ಸಹವಾಸ ಖಂಡಿತ ಬೇಡ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಹತ್ತಿರ ಬರಬಾರದು. ಮಕ್ಕಳ ಕೈಗೆ ಒಂಟಿಯಾಗಿ ಕೊಡಬಾರದು. ವೈರಿಂಗ್ ಗೊತ್ತಿರುವವರಿಂದಲೇ ಮಾಡಿಸಿ.

ಯಾರ ಹಸಿರು?

ಈಗ ಮುಖ್ಯ ಮಾತು. ಹೊರದೇಶದ ಪೊಟ್ಟಣದ ಹುಲ್ಲು ಕಣ್ಣು ಕುಕ್ಕುವ ಹಸಿರು. ಜರ್ಮನಿಯಲ್ಲಿ ಹಸುಗಳು ಮೇಯುವ ಗುಡ್ಡಕ್ಕೆ ಅದು ಸರಿ. ಅದನ್ನೇ ತಂದು ಚಿಂತಾಮಣಿಯ ಹಳಿ ಪಕ್ಕ ನೆಟ್ಟರೆ, ರಾಗಿಮುದ್ದೆಗೆ ಜಾಮ್ ಹಚ್ಚಿದ ಹಾಗೆ. ನಮ್ಮ ಸೀಮೆಯ ನೆಲ ವರ್ಷದಲ್ಲಿ ಎಷ್ಟು ತಿಂಗಳು ಹಸಿರಾಗಿರುತ್ತದೆ ಅಂತ ಬಸ್ಸಿನ ಕಿಟಕಿಯಲ್ಲಿ ಕೂತವರಿಗೆ ಹೇಳಿಕೊಡಬೇಕೆ? ಮಳೆ ಬಿದ್ದ ಮೇಲೆ ನಾಲ್ಕು ದಿನದ ಸಂಭ್ರಮ. ಸಂಕ್ರಾಂತಿ ಹೊತ್ತಿಗೆ ಹೊಂಬಣ್ಣ, ಶಿವರಾತ್ರಿ ಕಳೆದರೆ ಬಿಳಿಚಿದ ಒಣಹುಲ್ಲು, ನಡುವೆ ಕೆಮ್ಮಣ್ಣು.

ಆದ್ದರಿಂದ ಮೊದಲು ತಿಂಗಳು ಗೊತ್ತು ಮಾಡಿಕೊಳ್ಳಬೇಕು. ಒಣಹುಲ್ಲಿನ ಬಣ್ಣದ್ದು ಮೂರು ಪಾಲು, ಕಂದು ಒಂದು ಪಾಲು, ಹಸಿರು ಒಂದು ಚಿಟಿಕೆ: ಬೇಸಗೆಗೆ ಇದು ಸಾಕು. ಹಸಿರನ್ನು ಕೆರೆ ಕೋಡಿಯ ಕೆಳಗೆ, ಬಾವಿಯ ಮಗ್ಗುಲಲ್ಲಿ, ಸ್ಟೇಷನ್ನಿನ ನಲ್ಲಿಯ ಹತ್ತಿರ ಮಾತ್ರ ಇಡಿ. ಜನ ತುಳಿಯುವ ಕಾಲುದಾರಿಯಲ್ಲಿ ಹುಲ್ಲು ಬೇಡ. ಉಗಿ ಇಂಜಿನ್ನಿನ ಕಾಲವಾದರೆ ಹಳಿ ಪಕ್ಕ ಒಂದೆರಡು ಕಡೆ ಸುಟ್ಟ ಕರಿಕಲೆ ಇರಲಿ. ಆ ಇಂಜಿನ್ನಿನ ಕಿಡಿ ಒಣಹುಲ್ಲಿಗೆ ಬೆಂಕಿ ಹಚ್ಚುತ್ತಿತ್ತು.

ಎತ್ತರಕ್ಕೂ ಲೆಕ್ಕ ಇದೆ. 2 ಮಿಲಿಮೀಟರಿನ ನಾರು ನಿಜದಲ್ಲಿ 17 ಸೆಂಟಿಮೀಟರ್, ಅಂದರೆ ಗೇಣುದ್ದಕ್ಕೂ ಕಡಿಮೆ. ಕುರಿ ಮೇಯ್ದ ಬಯಲಿಗೆ ಇದು. 6 ಮಿಲಿಮೀಟರ್ ಅಂದರೆ 52 ಸೆಂಟಿಮೀಟರ್, ಯಾರೂ ಮೇಯಿಸದ ಬೇಲಿ ಸಾಲಿಗೆ. 12 ಅಂದರೆ ಒಂದು ಮೀಟರಿಗೆ ಚೂರು ಹೆಚ್ಚು, ತೆನೆ ಬಂದ ರಾಗಿ ಹೊಲಕ್ಕೆ. ಪಕ್ಕದಲ್ಲಿ ನಿಲ್ಲಿಸುವ ಐದೂವರೆ ಅಡಿಯ ಆಳಿನ ಗೊಂಬೆ ಬರೀ 19 ಮಿಲಿಮೀಟರ್. ಮಿಲಿಮೀಟರ್ ತಪ್ಪಿದರೆ ಕುರಿ ಹುಲ್ಲಿನಲ್ಲಿ ಮುಳುಗಿ ಹೋಗುತ್ತದೆ.

ಗಿಡದ ಇತಿಹಾಸವನ್ನೂ ನೋಡಬೇಕು. 1930ರ ದೃಶ್ಯ ಅಂತ ಬೋರ್ಡು ಹಾಕಿ ಹಳಿ ಪಕ್ಕ ಬಿಳಿ ಹೂವಿನ ಕಾಂಗ್ರೆಸ್ ಗಿಡ ಇಟ್ಟರೆ ಸುಳ್ಳಾಯಿತು. ಅದು ಈ ದೇಶದಲ್ಲಿ ಹಬ್ಬಿದ್ದೇ 1950ರ ದಶಕದಿಂದ ಈಚೆಗೆ. ಸಾಲುಸಾಲು ನೀಲಗಿರಿ ತೋಪೂ ಆ ಕಾಲದ್ದಲ್ಲ. ಟಿಪ್ಪು ಕಾಲದಲ್ಲೇ, 1790ರ ಸುಮಾರಿಗೆ, ನಂದಿಬೆಟ್ಟದ ತೋಟದಲ್ಲಿ ನೀಲಗಿರಿ ನೆಟ್ಟರು ಅನ್ನುವುದು ನಿಜ. ಆದರೆ ಅದು ಹೊಲಗಳನ್ನೆಲ್ಲ ಆವರಿಸಿದ್ದು ಬಹಳ ತಡವಾಗಿ. 1930ಕ್ಕೆ ಹಳದಿ ಹೂವಿನ ತಂಗಡಿ, ಜಾಲಿ, ಹೊಂಗೆ ಸಾಕು.

ಕೆಲಸದ ಕ್ರಮ

ಥರ್ಮಾಕೋಲಿನಲ್ಲಿ ಏರುತಗ್ಗು ಮಾಡಿ, ಮೇಲೆ ಕೆಮ್ಮಣ್ಣಿನ ಬಣ್ಣ ಬಳಿಯಿರಿ. ಹೊಲದ ಮಣ್ಣನ್ನೇ ಒಣಗಿಸಿ, ಸೀರೆ ಬಟ್ಟೆಯಲ್ಲಿ ಜರಡಿ ಹಿಡಿದು ಉದುರಿಸಿದರೆ ಇನ್ನೂ ಚೆನ್ನ. ನೆಲ ಒಣಗಿದ ಮೇಲೆ ಮರಗೆಲಸದ ಬಿಳಿ ಅಂಟಿಗೆ ಸ್ವಲ್ಪ ನೀರು ಬೆರೆಸಿ ಅಂಗೈ ಅಗಲದಷ್ಟು ಜಾಗಕ್ಕೆ ಮಾತ್ರ ಹಚ್ಚಬೇಕು, ಒಣಗುವುದರೊಳಗೆ ನಾಟಿ ಮುಗಿಯಬೇಕು. ಫ್ಯಾನ್ ಆರಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ನಾರಿನ ಧೂಳು ಒಳ್ಳೆಯದಲ್ಲ. ಜಾಲರಿ ಅಂಟಿನಿಂದ ಒಂದಂಗುಲ ಮೇಲಿರಲಿ, ಅಂಟಿಗೂ ಮೊಳೆಗೂ ತಾಗಿಸಬಾರದು. ಒಂದು ರಾತ್ರಿ ಒಣಗಲು ಬಿಟ್ಟು, ಹಲಗೆಯನ್ನು ಪೇಪರಿನ ಮೇಲೆ ಬೋರಲು ಹಿಡಿದು ತಟ್ಟಿದರೆ ಅಂಟದ ನಾರೆಲ್ಲ ಉದುರುತ್ತದೆ. ಅದನ್ನು ಮತ್ತೆ ಬಳಸಬಹುದು.

ಮಳೆಗಾಲದಲ್ಲಿ ಈ ಕೆಲಸಕ್ಕೆ ಕೂರಬೇಡಿ. ಗಾಳಿಯಲ್ಲಿ ತೇವ ಇದ್ದರೆ ವಿದ್ಯುತ್ ಸೋರಿ ಹೋಗುತ್ತದೆ, ನಾರು ಗಂಟುಗಟ್ಟುತ್ತದೆ. ಈ ವಿಷಯದಲ್ಲಿ ನಮ್ಮ ಒಣ ಸೀಮೆಯೇ ಪುಣ್ಯವಂತ. ಇಷ್ಟೆಲ್ಲ ಆಗದು ಅನ್ನುವವರು ಗೋಣಿಯ ನಾರನ್ನು ಕತ್ತರಿಸಿ, ಕಂತೆ ಮಾಡಿ, ಅಂಟಿನಲ್ಲಿ ಅದ್ದಿ ಒಂದೊಂದೇ ನಿಲ್ಲಿಸಬಹುದು. ಬೇಸಗೆ ಹುಲ್ಲಿನ ಬಣ್ಣ ಗೋಣಿಗೆ ಹುಟ್ಟಿನಿಂದಲೇ ಇದೆ.

ಸಾಕ್ಷಿ ಇರುವಾಗಲೇ

ಜಿಲ್ಲೆಯ ಹೈಸ್ಕೂಲುಗಳಲ್ಲಿ ವಿಜ್ಞಾನ ಪ್ರದರ್ಶನ ಅಂದರೆ ಸಾಮಾನ್ಯವಾಗಿ ಜ್ವಾಲಾಮುಖಿ, ಇಲ್ಲದಿದ್ದರೆ ಮಳೆನೀರು ಕೊಯ್ಲು. ಒಂದು ವರ್ಷ ಒಂದು ಹಲಗೆಯ ಮೇಲೆ ನ್ಯಾರೋಗೇಜಿನ ಒಂದು ಹಾಲ್ಟ್ ಕಟ್ಟಿದರೆ ವಿದ್ಯುತ್ತು, ಅಳತೆ, ಸಸ್ಯ, ಇತಿಹಾಸ ನಾಲ್ಕೂ ಒಟ್ಟಿಗೆ ಬರುತ್ತವೆ. ಇಂಜಿನ್ನು ಓಡಲೇಬೇಕೆಂದಿಲ್ಲ, ರಟ್ಟಿನ ಡಬ್ಬಿಯಾದರೂ ನಡೆಯುತ್ತದೆ.

ಕಟ್ಟಿದ ಮೇಲೆ ಅದನ್ನು ಬಹುಮಾನಕ್ಕೆ ಕಳಿಸುವ ಮೊದಲು ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಎಪ್ಪತ್ತು ದಾಟಿದ ಅಜ್ಜ, ಅಜ್ಜಿಯರನ್ನು ಕರೆಸಿ ತೋರಿಸಬೇಕು. ‘ಇಲ್ಲಿ ಹುಲ್ಲು ಇರಲಿಲ್ಲ ಕಣಪ್ಪ, ಇಲ್ಲಿ ಕುರಿ ಮಂದೆ ನಿಲ್ಲುತ್ತಿತ್ತು’ ಅಂತ ಹೇಳುವವರು ಅವರೇ. ಅವರು ಹೇಳಿದ ಕಡೆ ಹುಲ್ಲು ಕಿತ್ತು, ಮತ್ತೆ ನೆಡಬಹುದು. ಅಂಟಿಗೆ ಒಂದು ರಾತ್ರಿ ಸಾಕು. ಆ ನೆನಪು ಹೋಯಿತೆಂದರೆ ಯಾವ ಅಂಟೂ ಹಿಡಿಯುವುದಿಲ್ಲ.