ಬಂದಷ್ಟೇ ಬರಿ!

‘ಸರ್, ಪಿನ್ನಿನ ತೂಕ ಜಾಸ್ತಿ ಆಗಿದೆ!’

ನಾನು ಹೀಗೆ ಕೂಗಿದಾಗ ಲ್ಯಾಬಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ನಗದೆ ಇನ್ನೇನು ಮಾಡುತ್ತಾರೆ? ಲೋಹದ ತುಂಡೊಂದನ್ನು ತಿರುಗುವ ಉಕ್ಕಿನ ತಟ್ಟೆಗೆ ಒತ್ತಿ ಹಿಡಿದು ಒಂದು ಕಿಲೋಮೀಟರ್ ದೂರ ಉಜ್ಜಿದರೆ ಅದು ಸವೆಯಬೇಕು, ತೂಕ ಇಳಿಯಬೇಕು. ನಮ್ಮದು ಏರಿತ್ತು! ಉಜ್ಜುವ ಮುಂಚೆ 4.0716 ಗ್ರಾಂ, ಉಜ್ಜಿದ ಮೇಲೆ 4.0721 ಗ್ರಾಂ. ‘ಪಾಪ, ಮದುವೆ ಊಟ ಮಾಡ್ಕೊಂಡು ಬಂದಿರಬೇಕು’ ಎಂದ ಪಕ್ಕದ ಬ್ಯಾಚಿನ ಗೆಳೆಯ.

ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿ. ತರಗತಿಯಲ್ಲಿ ಹುಡುಗಿಯರು ನಾವು ನಾಲ್ಕೇ ಜನ. ನಮ್ಮ ಪ್ರಾಜೆಕ್ಟ್, ಅಲ್ಯೂಮಿನಿಯಂ 6061ಕ್ಕೆ ಹಾರುಬೂದಿ ಬೆರೆಸಿ ಎರಕ ಹೊಯ್ದು, ಅದು ಎಷ್ಟು ಗಟ್ಟಿ, ಎಷ್ಟು ಸವೆಯುತ್ತದೆ ಎಂದು ನೋಡುವುದು. ಮೆಕ್ಯಾನಿಕಲ್ ಓದಿದವರು ಈಗ ನಗುತ್ತಿರಬಹುದು. ಪ್ರತಿ ವರ್ಷ ಒಂದಾದರೂ ತಂಡ ಮಾಡುವ ಪ್ರಾಜೆಕ್ಟ್ ಇದು. ಸೀನಿಯರ್‌ಗಳ ರೆಕಾರ್ಡ್ ಬೇಕಾದಷ್ಟು ಸಿಗುತ್ತದೆ ಎಂಬುದೂ ಅದಕ್ಕೊಂದು ಕಾರಣ!

ಸವೆತ ಅಳೆಯುವ ಯಂತ್ರದ ಹೆಸರು ಪಿನ್ ಆನ್ ಡಿಸ್ಕ್. ಹಳೆಯ ಗ್ರಾಮಫೋನ್ ನೆನಪಿಸಿಕೊಳ್ಳಿ. ತಟ್ಟೆ ತಿರುಗುತ್ತದೆ, ಮುಳ್ಳು ನಿಂತಲ್ಲೇ ನಿಂತಿರುತ್ತದೆ. ಇಲ್ಲಿ ಮುಳ್ಳಿನ ಜಾಗದಲ್ಲಿ ನಮ್ಮ ಲೋಹದ ಪಿನ್. 8 ಮಿ.ಮೀ. ದಪ್ಪ, 30 ಮಿ.ಮೀ. ಉದ್ದ. ತಟ್ಟೆ ಗಡಸು ಉಕ್ಕಿನದು. 20 ನ್ಯೂಟನ್ ಭಾರ ಹೇರಿ, ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಉಜ್ಜಿದರೆ ಒಂದು ಕಿಲೋಮೀಟರ್ ಮುಗಿಯಲು 500 ಸೆಕೆಂಡ್ ಬೇಕು. ಅಷ್ಟು ಹೊತ್ತೂ ಘರ್ಷಣೆಯ ಬಲ ಎಷ್ಟೆಂದು ಪರದೆಯ ಮೇಲೆ ಗೆರೆ ಮೂಡುತ್ತಿರುತ್ತದೆ. ಮುಗಿದ ಮೇಲೆ ಪಿನ್ ತೂಗಬೇಕು. ಎಷ್ಟು ಇಳಿಯಿತೋ ಅಷ್ಟು ಸವೆತ.

‘ಯಾಕೆ ತಲೆ ಕೆಡಿಸ್ಕೋತೀಯ’ ಎಂದು ಗೆಳತಿ ಸೀನಿಯರ್ ರೆಕಾರ್ಡ್ ತೆಗೆದಳು. ಅದರಲ್ಲಿ 0.0058 ಗ್ರಾಂ ಇಳಿಕೆ ಎಂದಿತ್ತು. ‘ನಾವು 0.0061 ಅಂತ ಹಾಕೋಣ. ಯಾರಿಗೆ ಗೊತ್ತಾಗುತ್ತೆ?’ ನಿಜ ಹೇಳುತ್ತೇನೆ, ನಾನಾಗಲೇ ಪೆನ್ನಿನ ಮುಚ್ಚಳ ತೆಗೆದಿದ್ದೆ. ನಾಲ್ಕು ವರ್ಷ ಎಷ್ಟು ಲ್ಯಾಬ್‌ಗಳಲ್ಲಿ ಹೀಗೆ ರೀಡಿಂಗ್ ‘ಅಡ್ಜಸ್ಟ್’ ಮಾಡಿಲ್ಲ ನಾವು?

ಅಷ್ಟರಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್ ಬಂದರು. ಬೈಯಲಿಲ್ಲ. ‘ಬಂದಷ್ಟೇ ಬರಿಯಮ್ಮ. ಯಾಕೆ ಬಂತು ಅಂತ ಆಮೇಲೆ ಕೇಳೋಣ’ ಎಂದರು. ನಂತರ ಪರದೆ ನೋಡಿದರು. ಭಾರ 20 ನ್ಯೂಟನ್, ಘರ್ಷಣೆಯ ಬಲ ಸುಮಾರು 2 ನ್ಯೂಟನ್. ಎರಡನ್ನು ಇಪ್ಪತ್ತರಿಂದ ಭಾಗಿಸಿದರೆ ಘರ್ಷಣೆಯ ಗುಣಾಂಕ 0.1. ‘ಎಣ್ಣೆ ಇಲ್ಲದೆ ಅಲ್ಯೂಮಿನಿಯಂ ಉಕ್ಕಿನ ಮೇಲೆ ಇಷ್ಟು ನುಣ್ಣಗೆ ಜಾರುತ್ತಾ?’ ಎಂದು ಬಿಳಿ ಬಟ್ಟೆಯಿಂದ ತಟ್ಟೆ ಒರೆಸಿ ತೋರಿಸಿದರು. ಬಟ್ಟೆಯ ಮೇಲೆ ಎಣ್ಣೆ! ಹಿಂದಿನ ಬ್ಯಾಚಿನವರು ತುಕ್ಕು ಹಿಡಿಯದಿರಲಿ ಎಂದು ತಟ್ಟೆಗೆ ಎಣ್ಣೆ ಸವರಿ ಹೋಗಿದ್ದರು. ನಾವು ಅದನ್ನು ತೊಳೆದಿರಲಿಲ್ಲ. ಎಣ್ಣೆಯಿಂದಾಗಿ ಪಿನ್ ಹೆಚ್ಚು ಸವೆದಿರಲಿಲ್ಲ. ಜೊತೆಗೆ ಎಣ್ಣೆ, ಪುಡಿ ಎರಡೂ ಅದರ ಅಂಚಿಗೆ ಮೆತ್ತಿಕೊಂಡಿದ್ದವು.

ತಟ್ಟೆಯನ್ನು ಅಸಿಟೋನ್‌ನಿಂದ ತೊಳೆದು, ಹೊಸ ಪಿನ್ ಹಾಕಿ ಮತ್ತೆ ಓಡಿಸಿದೆವು. ಈ ಸಲ ಗುಣಾಂಕ 0.4ರ ಹತ್ತಿರ ಬಂತು. ತೂಕ 4.0688ರಿಂದ 4.0626 ಗ್ರಾಂಗೆ ಇಳಿಯಿತು. ಸವೆದದ್ದು 6.2 ಮಿಲಿಗ್ರಾಂ, ಹೆಚ್ಚುಕಡಿಮೆ ಎರಡು ಎಳ್ಳುಕಾಳಿನ ತೂಕ. ಮೊದಲ ರೀಡಿಂಗನ್ನು ಅಂದು ತಿದ್ದಿದ್ದರೆ ಒಂದು ತೆಳು ಎಣ್ಣೆಯ ಪದರ ಏನೆಲ್ಲ ಮಾಡಬಲ್ಲದು ಎಂಬುದು ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಎರಡು ಎಳ್ಳುಕಾಳಿಗೆ ಇಷ್ಟೊಂದು ರಾಮಾಯಣವೇ ಎನ್ನಬೇಡಿ. ಒಂದು ಕಿಲೋಮೀಟರಿಗೆ ಎರಡು ಎಳ್ಳುಕಾಳು. ದಿನವಿಡೀ ತಿರುಗುವ ಯಂತ್ರ ಎಷ್ಟು ಕಿಲೋಮೀಟರ್ ಉಜ್ಜುತ್ತದೆ, ಲೆಕ್ಕ ಹಾಕಿ. 1966ರಲ್ಲಿ ಬ್ರಿಟನ್ನಿನಲ್ಲಿ ಪೀಟರ್ ಜೋಸ್ಟ್ ನೇತೃತ್ವದ ಸಮಿತಿ ಒಂದು ವರದಿ ಕೊಟ್ಟಿತು. ಘರ್ಷಣೆ, ಸವೆತ, ಎಣ್ಣೆ ಹಾಕುವ ಕ್ರಮ ಇವಿಷ್ಟನ್ನು ಸರಿಯಾಗಿ ನೋಡಿಕೊಂಡರೆ ದೇಶಕ್ಕೆ ವರ್ಷಕ್ಕೆ 50 ಕೋಟಿ ಪೌಂಡಿಗೂ ಹೆಚ್ಚು ಹಣ ಉಳಿಯುತ್ತದೆ ಎಂದು ಅದು ಅಂದಾಜು ಮಾಡಿತು. ಈ ವಿದ್ಯೆಗೆ ‘ಟ್ರೈಬಾಲಜಿ’ ಎಂಬ ಹೆಸರು ಬಂದದ್ದೂ ಆ ವರದಿಯಿಂದಲೇ. ಹೆಸರು ಹೊಸದು, ತಿಳಿವಳಿಕೆ ಹಳೆಯದು. ನಮ್ಮ ತಾತ ಬಂಡಿ ಹೂಡುವ ಮುಂಚೆ ಕೀಲಿಗೆ ಹರಳೆಣ್ಣೆ ಬಿಡದೆ ಎತ್ತುಗಳನ್ನು ಕಟ್ಟುತ್ತಿರಲಿಲ್ಲವಂತೆ. ಅವರು ಯಾವ ಗುಣಾಂಕವನ್ನೂ ಅಳೆದವರಲ್ಲ.

ಈಗ ನಮ್ಮ ಮನೆಯ ಕಥೆಗೆ ಬರುತ್ತೇನೆ.

ಮಂಡ್ಯ ಕಡೆ ನಮ್ಮದೊಂದು ಸಣ್ಣ ಆಲೆಮನೆ. ಕಬ್ಬು ಅರೆಯುವ ಗಾಣದ ರೋಲರ್‌ಗಳ ಶಾಫ್ಟು ಬುಷ್‌ಗಳ ಒಳಗೆ ತಿರುಗುತ್ತದೆ. ಬುಷ್ ಗನ್‌ಮೆಟಲ್‌ನದು, ಶಾಫ್ಟು ಉಕ್ಕಿನದು. ಸವೆದರೆ ಬುಷ್ ಸವೆಯಲಿ, ಶಾಫ್ಟು ಉಳಿಯಲಿ ಎಂಬುದು ಲೆಕ್ಕ. ಕಳೆದ ಹಂಗಾಮಿನ ಶುರುವಿನಲ್ಲಿ ಅಪ್ಪ ಪೇಟೆಯ ಲೇತ್ ಅಂಗಡಿಯಲ್ಲಿ ಹೊಸ ಬುಷ್ ಮಾಡಿಸಿ ಹಾಕಿಸಿದ್ದರು. ಹಳೆಯದು ಪೂರ್ತಿ ಒಂದು ಹಂಗಾಮು ಬಾಳಿತ್ತು. ಹೊಸದು ಮೂರೇ ವಾರಕ್ಕೆ ಸವೆದು, ರೋಲರ್ ಅಲುಗಾಡಿ, ಗಾಣ ನಿಂತುಹೋಯಿತು. ಕಡಿದ ಕಬ್ಬು ಎರಡು ಲೋಡು ಅಂಗಳದಲ್ಲಿ ಬಿದ್ದಿತ್ತು. ಕಡಿದ ಕಬ್ಬು ಕಾಯುವುದಿಲ್ಲ. ಒಣಗುತ್ತದೆ, ರಸ ಇಳಿಯುತ್ತದೆ, ಬೆಲ್ಲ ಕೆಡುತ್ತದೆ.

ಅಪ್ಪ ಲೇತ್ ಅಂಗಡಿಯ ಮುಂದೆ ನಾಲ್ಕು ಜನರೆದುರೇ ಕೂಗಾಡಿ ಬಂದರು. ‘ಗನ್‌ಮೆಟಲ್ ಅಂತ ಏನೋ ಮೆತ್ತಗಿರೋದು ಹಾಕವ್ನೆ. ಬಾಕಿ ದುಡ್ಡು ಒಂದು ರೂಪಾಯಿನೂ ಕೊಡಾಕಿಲ್ಲ’ ಎಂದರು. ಇಪ್ಪತ್ತು ವರ್ಷದ ಒಡನಾಟ ಅಲ್ಲಿಗೆ ಮುರಿಯಿತು. ಬೇರೆ ಕಡೆ ಮಾಡಿಸಿದ ಬುಷ್‌ಗಳಿಂದ ಗಾಣವೇನೋ ಮತ್ತೆ ತಿರುಗಿತು. ಆದರೆ ಇಬ್ಬರ ನಡುವೆ ಮಾತಿಲ್ಲ.

ಪ್ರಾಜೆಕ್ಟ್ ಮಾಡುತ್ತಿದ್ದಾಗ ನನಗೆ ಆ ಬುಷ್ ನೆನಪಾಯಿತು. ಮೆತ್ತಗಿತ್ತೋ ಇಲ್ಲವೋ ಅಳೆದೇ ಬಿಡಬಹುದಲ್ಲ! ಊರಿಗೆ ಹೋದಾಗ ಗುಜರಿ ಚೀಲದಿಂದ ಹಳೆಯದೊಂದು, ಕೆಟ್ಟದ್ದೊಂದು ಬುಷ್ ಹುಡುಕಿ ತಂದೆ. ‘ನೋಡವ್ವ, ನಿಮ್ಮ ಕಾಲೇಜಿನ ಸೀಲ್ ಹಾಕಿಸ್ಕೊಂಡು ಬಾ. ಅವನ ಮುಖಕ್ಕೆ ಹಿಡೀತೀನಿ’ ಎಂದರು ಅಪ್ಪ.

ಗಡಸುತನ ಅಳೆಯಲು ನಾವು ಬಳಸಿದ್ದು ಬ್ರಿನೆಲ್ ಪರೀಕ್ಷೆ. ಸ್ವೀಡನ್ನಿನ ಯೋಹಾನ್ ಆಗಸ್ಟ್ ಬ್ರಿನೆಲ್ 1900ರಲ್ಲಿ ಜಗತ್ತಿಗೆ ತೋರಿಸಿದ ವಿಧಾನ ಇದು. ಉಪಾಯ ಬಲು ಸರಳ. ಗಟ್ಟಿಯಾದ ಗುಂಡೊಂದನ್ನು ಗೊತ್ತಾದ ಭಾರದಿಂದ ಲೋಹದ ಮೇಲೆ ಒತ್ತುವುದು, ಬಿದ್ದ ಗುಳಿಯ ಅಗಲ ಅಳೆಯುವುದು. ಗುಳಿ ಅಗಲವಾದಷ್ಟೂ ಲೋಹ ಮೆದು. ಹಲಸಿನ ಹಣ್ಣನ್ನು ಬೆರಳಿನಿಂದ ಒತ್ತಿ ನೋಡುವುದಿಲ್ಲವೇ, ಹಾಗೆಯೇ. ಬೆರಳಿನ ಬದಲು 5 ಮಿ.ಮೀ. ಗುಂಡು, 250 ಕೆ.ಜಿ. ಭಾರ.

ಹಳೆಯ ಬುಷ್‌ನ ಗುಳಿ 2.05 ಮಿ.ಮೀ. ಬಂತು. ಲೆಕ್ಕ ಹಾಕಿದರೆ ಗಡಸುತನ 72. ಈಗ ಕೆಟ್ಟ ಬುಷ್. ಮೊದಲ ಗುಳಿ 2.3 ಮಿ.ಮೀ., ಅಂದರೆ 57! ಅಪ್ಪ ಹೇಳಿದ್ದೇ ಸರಿ ಎಂದು ನನಗೆ ಎಷ್ಟು ಖುಷಿಯಾಯಿತೆಂದರೆ ಅಲ್ಲೇ ಫೋನ್ ಕೈಗೆತ್ತಿಕೊಂಡೆ. ಆದರೆ ಗುಳಿಯನ್ನು ಮತ್ತೊಮ್ಮೆ ನೋಡಿದೆ. ಅದು ಬುಷ್‌ನ ಅಂಚಿಗೆ ತೀರಾ ಹತ್ತಿರ ಬಿದ್ದಿತ್ತು. ಅಂಚಿನಲ್ಲಿ ಒತ್ತಿದರೆ ಆಸರೆಯಿಲ್ಲದ ಲೋಹ ಪಕ್ಕಕ್ಕೆ ಉಬ್ಬುತ್ತದೆ, ಗುಳಿ ದೊಡ್ಡದಾಗಿ ಕಾಣುತ್ತದೆ. ಆ ರೀಡಿಂಗ್ ಲೆಕ್ಕಕ್ಕಿಲ್ಲ ಎಂಬುದು ಪುಸ್ತಕದಲ್ಲೇ ಇದೆ.

ಲ್ಯಾಬಿನಲ್ಲಿ ಆಗ ನಾನೊಬ್ಬಳೇ. 57 ಎಂದು ಬರೆದರೆ ಅಪ್ಪ ಗೆದ್ದಂತೆ. ಕೇಳುವವರು ಯಾರೂ ಇಲ್ಲ. ಆ ಲೇತ್‌ನವರಿಗೆ ಅಂಚೇನು, ನಡುವೇನು ಗೊತ್ತಾಗುತ್ತದೆಯೇ? ಪಿನ್ನಿನ ತೂಕ ತಿದ್ದಿದ್ದರೆ ಕೆಡುತ್ತಿದ್ದುದು ನನ್ನ ರೆಕಾರ್ಡ್ ಮಾತ್ರ. ಇಲ್ಲಿ ಕೆಡುವುದು ಒಬ್ಬ ಮನುಷ್ಯನ ಹೆಸರು. ‘ಬಂದಷ್ಟೇ ಬರಿಯಮ್ಮ’ ಎಂದ ದನಿ ಕಿವಿಯಲ್ಲಿತ್ತು.

ದಪ್ಪದ ಸರಿನಡುವೆ, ಒಂದರಿಂದೊಂದು ದೂರವಿರುವಂತೆ ಮೂರು ಕಡೆ ಮತ್ತೆ ಒತ್ತಿದೆ. ಮೂರೂ ಕಡೆ 2.1 ಮಿ.ಮೀ. ಆಸುಪಾಸು. ಗಡಸುತನ 69. ಹಳೆಯದಕ್ಕೂ ಇದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಗಡಸುತನ ಒಂದೇ ಆದ ಮಾತ್ರಕ್ಕೆ ಲೋಹವೂ ಒಂದೇ ಎಂದು ಹೇಳಲಾಗದು, ನಿಜ. ಆದರೆ ‘ಮೆತ್ತಗಿರೋದು ಹಾಕವ್ನೆ’ ಎಂಬ ಮಾತು ಮಾತ್ರ ನಿಲ್ಲಲಿಲ್ಲ.

ಹಾಗಾದರೆ ಸವೆದದ್ದೇಕೆ? ಇನ್‌ಸ್ಟ್ರಕ್ಟರ್ ಬಂದು ಬುಷ್ ಅನ್ನು ಬೆಳಕಿಗೆ ಹಿಡಿದರು. ಒಳಮೈ ಕಪ್ಪಾಗಿ, ತಿರುಗಿದ ದಿಕ್ಕಿನಲ್ಲಿ ಉದ್ದುದ್ದ ಗೀರು ಬಿದ್ದಿತ್ತು. ಮಿಣುಕುವ ಮರಳಿನ ಕಣಗಳು ಲೋಹದಲ್ಲಿ ಹೂತು ಕುಳಿತಿದ್ದವು. ಎಣ್ಣೆ ಬಿಡುವ ತೂತಿಗೆ ಸಣ್ಣ ತಂತಿ ತೂರಿಸಿದರು. ಅದು ಆ ಕಡೆ ಬರಲೇ ಇಲ್ಲ. ಕಬ್ಬಿನ ಸಿಪ್ಪೆಯ ನಾರು, ಮಣ್ಣು, ಹಳೆಯ ಗ್ರೀಸು ಎಲ್ಲ ಸೇರಿ ತೂತಿನಲ್ಲಿ ಬಿರಡೆ ಹಾಕಿದಂತೆ ಗಟ್ಟಿಯಾಗಿತ್ತು. ನಾವು ಮೇಲೆ ದಿನಾ ಎಣ್ಣೆ ಬಿಡುತ್ತಿದ್ದೆವು, ಅದು ಒಳಗೆ ಇಳಿಯುತ್ತಲೇ ಇರಲಿಲ್ಲ. ನನಗೆ ಪಿನ್ ಆನ್ ಡಿಸ್ಕ್ ನೆನಪಾಯಿತು. ಎಣ್ಣೆ ಇದ್ದಾಗ 0.1, ಇಲ್ಲದಾಗ 0.4. ಅಲ್ಲಿ ಅಲ್ಯೂಮಿನಿಯಂ, ಇಲ್ಲಿ ಗನ್‌ಮೆಟಲ್. ಲೋಹ ಬೇರೆ, ಪಾಠ ಅದೇ.

ಅಪ್ಪನಿಗೆ ಫೋನಿನಲ್ಲಿ ಹೇಳಲು ಧೈರ್ಯ ಬರಲಿಲ್ಲ. ವಾರ ಕಳೆದು ಊರಿಗೆ ಹೋದಾಗ ಬುಷ್ ಎದುರಿಗಿಟ್ಟು, ಅಂಚಿನ ಗುಳಿ, ನಡುವಿನ ಗುಳಿ, ಮುಚ್ಚಿಹೋದ ತೂತು ಎಲ್ಲ ತೋರಿಸಿದೆ. ಅಪ್ಪ ತುಂಬಾ ಹೊತ್ತು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

‘ಅಂಗಾದ್ರೆ ತಪ್ಪು ನಮ್ದೇನವ್ವ?’

‘ಹೂಂ ಅಪ್ಪ.’

ಮತ್ತೆ ಮಾತಿಲ್ಲ. ಕಾಲೇಜಿಗೆ ಕಳಿಸಿ ಓದಿಸಿದ್ದಕ್ಕೆ ಮಗಳು ಎದುರಾಳಿ ಪರ ಸಾಕ್ಷಿ ಹೇಳಿದಳಲ್ಲ ಎಂದುಕೊಂಡರೇನೋ ಎಂದು ನನಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಮೊಪೆಡ್‌ಗೆ ಬೆಲ್ಲದ ಅಚ್ಚುಗಳ ಚೀಲ ಕಟ್ಟುತ್ತಿದ್ದರು. ಜೇಬಿನಲ್ಲಿ ಬಾಕಿ ದುಡ್ಡು. ಮಧ್ಯಾಹ್ನ ಬಂದವರು ಅಲ್ಲೇನಾಯಿತೆಂದು ಹೇಳಲಿಲ್ಲ. ‘ಟೀ ಕುಡ್ಸುದ’ ಎಂದರು, ಅಷ್ಟೇ. ಈಗ ನಮ್ಮ ಗಾಣದ ಪಕ್ಕದ ಕಂಬಕ್ಕೆ ಒಂದು ಸಣ್ಣ ತಂತಿ ನೇತುಹಾಕಿದೆ. ಗಾಣ ಶುರು ಮಾಡುವ ಮುಂಚೆ ದಿನಾ ಎಣ್ಣೆಯ ತೂತಿಗೆ ಅದನ್ನು ಆಡಿಸಬೇಕು ಎಂಬುದು ಅಪ್ಪನ ಕಟ್ಟಪ್ಪಣೆ.

ನಮ್ಮ ಪ್ರಾಜೆಕ್ಟ್ ಏನಾಯಿತು ಎಂದಿರಾ? ಸ್ವಲ್ಪ ಹಾರುಬೂದಿ ಹಾಕಿದಾಗ ಸವೆತ ಕಡಿಮೆಯಾಯಿತು. ಹೆಚ್ಚು ಹಾಕಿದಾಗ ಬೂದಿ ಅಲ್ಲಲ್ಲಿ ಗಂಟು ಕಟ್ಟಿಕೊಂಡು ಸವೆತ ಮತ್ತೆ ಜಾಸ್ತಿಯಾಯಿತು. ಸೀನಿಯರ್‌ಗಳ ರೆಕಾರ್ಡಿನಲ್ಲಿ ಹಾಗಿರಲಿಲ್ಲ. ನಾವು ಬಂದಷ್ಟೇ ಬರೆದೆವು. ತೂಕ ಹೆಚ್ಚಾದ ಆ ಮೊದಲ ಪಿನ್ನಿನ ಕಥೆಯನ್ನೂ ರಿಪೋರ್ಟಿನಲ್ಲಿ ಸೇರಿಸಿದೆವು. ವೈವಾದಲ್ಲಿ ಪರೀಕ್ಷಕರು ಹೆಚ್ಚು ಹೊತ್ತು ಕೇಳಿದ್ದು ಅದರ ಬಗ್ಗೆಯೇ. ಉತ್ತರ ಬಾಯಿಪಾಠ ಮಾಡಬೇಕಾದ ಅಗತ್ಯವೇ ಬರಲಿಲ್ಲ. ನಡೆದದ್ದನ್ನು ಹೇಳಿದರೆ ಸಾಕಿತ್ತು.