ಕೆಚ್ಚಲು ಬಾವು

ವಾಚಕರಲ್ಲಿ ಅನೇಕರಿಗೆ ಊರಿನಲ್ಲಿ ಹಸು ಸಾಕಿಕೊಂಡಿರುವ ಅಣ್ಣತಮ್ಮಂದಿರು ಉಂಟು. ಅವರಿಗಾಗಿ ಈ ನಾಲ್ಕು ಮಾತು.

ಕೆಚ್ಚಲು ಊದಿ, ಹಾಲು ಒಡೆದು ಬಂದಾಗ ರೋಗ ಯಾರಿಗಾದರೂ ತಿಳಿಯುತ್ತದೆ. ಆದರೆ ಬಹಳಷ್ಟು ಹಸುಗಳಲ್ಲಿ ಅದು ಗುಪ್ತವಾಗಿರುತ್ತದೆ. ಹಾಲು ನೋಡಲು ಚೆನ್ನಾಗಿಯೇ ಇದ್ದು, ಡೈರಿಯ ಪುಸ್ತಕದಲ್ಲಿ ಅಂಕಿ ಮಾತ್ರ ಇಳಿಯುತ್ತ ಹೋಗುತ್ತದೆ. (ಲೆಕ್ಕ ಬರೆದೇ ಹೊಟ್ಟೆ ಹೊರೆಯುವ ನನಗೆ ಕಾಣುವುದು ಈ ಅಂಕಿಯೇ.) ದೃಷ್ಟಿ ತಗಲಿತೆಂದು ಸುಮ್ಮನಾಗುವುದು ಇಲ್ಲಿಯೇ.

ಇದನ್ನು ಕಂಡುಹಿಡಿಯಲು ಕ್ಯಾಲಿಫೋರ್ನಿಯದ ಷಾಲ್ಮ್ ಮತ್ತು ನೂರ್ಲ್ಯಾಂಡರ್ ಎಂಬವರು 1957ರಲ್ಲಿ ಸುಲಭ ಪರೀಕ್ಷೆಯೊಂದನ್ನು ಪ್ರಕಟಿಸಿದರು. ನಾಲ್ಕು ಮೊಲೆಗಳ ಹಾಲನ್ನು ಬೇರೆ ಬೇರೆ ಹಿಡಿದು, ಅದಕ್ಕೆಂದೇ ಮಾಡಿದ ಸಾಬೂನಿನಂಥ ದ್ರವವನ್ನು ಸಮನಾಗಿ ಬೆರೆಸಿದರೆ, ಸೋಂಕು ತಗುಲಿದ ಮೊಲೆಯ ಹಾಲು ಲೋಳೆಯಾಗುತ್ತದೆ. ಪಶುವೈದ್ಯರನ್ನು ಕೇಳಿದರೆ ತೋರಿಸಿಕೊಡುತ್ತಾರೆ.

ಕರೆದ ಮೇಲೆ ಸುಮಾರು ಅರ್ಧ ಗಂಟೆ ತೊಟ್ಟಿನ ರಂಧ್ರ ಪೂರ್ತಿ ಮುಚ್ಚಿರುವುದಿಲ್ಲ. ಆಗ ಹಸು ಸಗಣಿ ಗಂಜಲದಲ್ಲಿ ಮಲಗಿದರೆ ಕ್ರಿಮಿಗಳು ಒಳಸೇರುತ್ತವೆ. ಆದ್ದರಿಂದ ಕರೆದೊಡನೆ ತೊಟ್ಟುಗಳನ್ನು ಅಯೋಡಿನ್ ದ್ರವದಲ್ಲಿ ಅದ್ದಿ, ಮುಂದೆ ಹಸಿಹುಲ್ಲು ಹಾಕಬೇಕು. ಹಸು ನಿಂತೇ ಮೇಯುತ್ತದೆ. ಎಷ್ಟು ಅಗ್ಗದ ಉಪಾಯ! ಸೋಂಕಿನ ಹಸುವನ್ನು ಎಲ್ಲಕ್ಕೂ ಕೊನೆಗೆ ಕರೆಯತಕ್ಕದ್ದು.

ಬಾವು ಇಳಿಯಿತೆಂದು ಔಷಧವನ್ನು ನಡುವೆ ನಿಲ್ಲಿಸಬಾರದು. ವೈದ್ಯರು ಹೇಳಿದಷ್ಟು ದಿನ ಆ ಹಾಲು ಡೈರಿಗೂ ಬೇಡ, ಮನೆಗೂ ಬೇಡ. ತಡಮಾಡಿದರೆ ಆ ಮೊಲೆ ಬತ್ತಿಯೇ ಹೋಗಬಹುದು. ಮುಂದಿನ ಕರು ಹುಟ್ಟಿದಾಗಲೂ ಅದರಲ್ಲಿ ಹಾಲಿರುವುದಿಲ್ಲ.